ಎಂಜಿನ್ ದೋಣಿಯಲ್ಲಿ ಹಗ್ಗ ಹಿಡಿದವನು

"ಯಾರೋ ಎಳೆ ಅಂದಿದ್ದು ನಿಂಗೆ?" ನೀರಿನಿಂದ ತಲೆ ಹೊರಗೆ ಬಂದದ್ದೇ ಕಸ್ಪಾರ್ ಕೂಗಿದ. ಅವನ ಬಲೆಚೀಲದಲ್ಲಿ ಹತ್ತು ಮುತ್ತಿನ ಚಿಪ್ಪೂ ಇರಲಿಲ್ಲ. "ನಾನು ಹಗ್ಗ ಜಗ್ಗಿದ್ನಾ?"

"ಜಗ್ಗಿದ ಹಾಗಾಯ್ತು ಭಾವ," ಎಂದ ಬಸ್ತಿಯಾನ್.

"ಹಾಗಾಯ್ತಂತೆ! ಮೂರನೇ ಸಲ ಇದು. ನಾನು ಸತ್ರೆ ನಿಮ್ಮಕ್ಕನ ಗತಿ ಏನು ಅಂತ ಭಯಾನಾ? ಹೀಗೇ ಆದ್ರೆ ನಾನು ಬದುಕಿದ್ದೂ ಉಪವಾಸ ಬೀಳ್ತಾಳೆ ನೋಡು."

ಎಂಜಿನ್ ನೋಡಿಕೊಳ್ಳುವ ಲೂಕಾಸ್ ಕಿಸಕ್ಕನೆ ನಕ್ಕ.

ತೂತ್ತುಕುಡಿಯಲ್ಲಿ ಮುತ್ತಿಗಾಗಿ ಮುಳುಗುವವನ ಸೊಂಟದ ಹಗ್ಗ ಹೆಂಡತಿಯ ತಮ್ಮನ ಕೈಯಲ್ಲೇ ಇರಬೇಕು. ಅಕ್ಕನ ಬಾಳು ಅಂಗೈಯಲ್ಲಿದ್ದರೆ ಯಾರೂ ಮೈಮರೆಯುವುದಿಲ್ಲ. ಎಂಟು ವರ್ಷ ಹಾಯಿದೋಣಿಯಲ್ಲಿ ಬಸ್ತಿಯಾನ್ ಒಮ್ಮೆಯೂ ತಪ್ಪಿರಲಿಲ್ಲ. ಕೆಳಗೆ ಭಾವ ಬೆರಳಾಡಿಸಿದರೂ ಇವನಿಗೆ ಗೊತ್ತಾಗುತ್ತಿತ್ತು. ಆದರೆ ಇವತ್ತು ಮೊದಲ ಸಲ ಹತ್ತಿದ ಈ ಎಂಜಿನ್ ದೋಣಿ ನಿಂತಲ್ಲೇ ಗಡಗಡ ನಡುಗುತ್ತಿತ್ತು. ನಡುಕ ಅಂಗಾಲಿನಿಂದ ಏರಿ, ಮೊಣಕೈ ದಾಟಿ, ಹಗ್ಗಕ್ಕೆ ಇಳಿಯುತ್ತಿತ್ತು. ಜಗ್ಗಿದ್ದು ಯಾವುದು, ನಡುಗಿದ್ದು ಯಾವುದು? ಹೆದರಿಕೊಂಡು ಮನಸ್ಸಿನಲ್ಲೇ ನಲವತ್ತು ಎಣಿಸಿ ಎಳೆದುಬಿಡುತ್ತಿದ್ದ. ಬಾಯಿಬಿಟ್ಟು ಹೇಳಲು ನಾಚಿಕೆ.

"ಎಂಜಿನ್ ಒಂದ್ಗಳಿಗೆ ನಿಲ್ಸೋ ಲೂಕಾಸ್."

"ನಿಲ್ಸಿದ್ರೆ ಮತ್ತೆ ನಿಮ್ಮಪ್ಪ ಬಂದು ಶುರು ಮಾಡ್ತಾನಾ? ಬೆಳಿಗ್ಗೆ ಹ್ಯಾಂಡಲ್ ಸುತ್ತಿ ಸುತ್ತಿ ತೋಳು ಬಿದ್ದೋಯ್ತು ನಂಗೆ."

"ಈ ಸಲ ನಾನು ಜಗ್ಗೋ ತನಕ ಎಳೀಬೇಡ," ಎಂದ ಕಸ್ಪಾರ್. "ಇಲ್ದಿದ್ರೆ ನಾಳೆಯಿಂದ ಹಗ್ಗ ಲೂಕಾಸ್ ಹಿಡೀತಾನೆ." ಮೂಗು ಹಿಡಿದು, ಭಾರದ ಕಲ್ಲಿನ ಮೇಲೆ ಕಾಲಿಟ್ಟು ಇಳಿದೇಬಿಟ್ಟ.

ಇಪ್ಪತ್ತು. ಮೂವತ್ತು. ಬಸ್ತಿಯಾನ್ ಹಗ್ಗವನ್ನು ಕೈಯಿಂದ ಕೈಗೆ ಬದಲಿಸಿದ, ಮಣಿಕಟ್ಟಿಗೆ ಸುತ್ತಿದ, ಬಿಚ್ಚಿದ, ಹಲ್ಲಲ್ಲಿ ಕಚ್ಚಿದ. ಹಲ್ಲೂ ನಡುಗಿತು. ನಲವತ್ತು. ತಟ್ಟನೆ ಹಗ್ಗದ ತುದಿಯನ್ನು ಲೂಕಾಸನ ಎದೆಗೆ ಎಸೆದ. "ನಾನು ಕೂಗಿದಾಗ ಎಳಿ!" ಎಂದವನೇ ಅಂಗಿ ಸಮೇತ ನೀರಿಗೆ ಹಾರಿದ.

ಹಗ್ಗದವನು ಸಮುದ್ರಕ್ಕೆ ಇಳಿದದ್ದನ್ನು ಲೂಕಾಸ್ ಯಾವತ್ತೂ ಕಂಡಿರಲಿಲ್ಲ. "ಹುಚ್ಚು ಹಿಡೀತೇನೋ?"

ಬಸ್ತಿಯಾನ್ ದೋಣಿಯಿಂದ ಒಂದು ಮಾರು ದೂರ ತೇಲುತ್ತಾ, ದೋಣಿಯ ನಡುಕ ತಟ್ಟದಂತೆ ಲೂಕಾಸನ ಕಡೆಗೆ ಹಗ್ಗ ಸಡಿಲ ಬಿಟ್ಟು, ಕೆಳಗಿನ ಭಾಗವನ್ನು ಎರಡೇ ಬೆರಳಲ್ಲಿ ಹಿಡಿದ. ಐವತ್ತೈದು. ಅರವತ್ತು. ಏನೂ ಇಲ್ಲ. ಆಮೇಲೆ, ಸಣ್ಣ ಮೀನು ಕಚ್ಚಿದಷ್ಟು ಮೆಲ್ಲಗೆ, ಎರಡು ಸಲ ಜಗ್ಗಿತು.

"ಎಳಿಯೋ!"

ಕಸ್ಪಾರ್ ಚೀಲ ತುಂಬಿಕೊಂಡು ಮೇಲೆ ಬಂದ. ಕಣ್ಣೊರೆಸಿ ನೋಡಿದರೆ ಪಕ್ಕದಲ್ಲೇ ಭಾಮೈದನ ತಲೆ.

"ಇದೇನೋ, ಬಿದ್ಯಾ?"

"ಹೂಂ ಭಾವ. ಕಾಲು ಜಾರ್ತು."

"ಥೂ! ದೋಣಿ ಹತ್ತು."

"ನೀವು ಉಸಿರು ತಗೊಂಡು ಇಳೀರಿ ಭಾವ, ನಾನು ಇಲ್ಲೇ ಇರ್ತೀನಿ," ಎಂದ ಬಸ್ತಿಯಾನ್. ಅವನ ಒದ್ದೆ ಅಂಗಿ ಗಾಳಿ ತುಂಬಿಕೊಂಡು ಬೆನ್ನ ಮೇಲೆ ಗುಳ್ಳೆಯಂತೆ ಉಬ್ಬಿತ್ತು.