ಒಂದೇ ಕೀಲಿ, ಎರಡು ಗಡಿಯಾರ

ಗಡಿಯಾರ ರಿಪೇರಿ ತಾತನ ಕಣ್ಣು ಎಂದರೆ ಸಾಮಾನ್ಯವಲ್ಲ. ಚಂದ್ರನ ಮೇಲೆ ಇರುವೆಯೊಂದು ಕುಂಟಿದರೆ, ಯಾವ ಕಾಲಿಗೆ ಪೆಟ್ಟಾಗಿದೆ ಎಂದು ಅಂಗಡಿಯಲ್ಲೇ ಕೂತು ಹೇಳಬಲ್ಲ ಆಸಾಮಿ. ಹದ್ದುಗಳು ಇವನ ಹತ್ತಿರ ಪಾಠಕ್ಕೆ ಬರಲಿಲ್ಲ, ಅಷ್ಟೇ.

ಇಂಥ ಕಣ್ಣಿನ ವಿರುದ್ಧ ಈಚೆಗೆ ಮನೆಯ ಸಾಮಾನುಗಳೆಲ್ಲ ಸೇರಿ ಸಂಚು ಹೂಡಿದ್ದವು. ಬಾಗಿಲ ಚೌಕಟ್ಟು ಬೇಕೆಂದೇ ಭುಜಕ್ಕೆ ಬಡಿಯುತ್ತಿತ್ತು. ಚಹಾದ ಲೋಟ ತಾನಾಗಿ ಮೊಣಕೈಗೆ ತಗುಲಿ ಉರುಳುತ್ತಿತ್ತು. "ಯಾರಪ್ಪ ಇಲ್ಲಿಟ್ಟಿದ್ದು?" ಎಂದು ತಾತ ಬೀದಿಯ ಕಿಟಕಿಗಳೆಲ್ಲ ಅದುರುವಂತೆ ಗದರುತ್ತಿದ್ದ.

ಆ ಬೆಳಿಗ್ಗೆ ಮಾತ್ರ ತಗುಲಿದ್ದು ಲೋಟವಲ್ಲ. ಮನೆಯ ಮುಂದಿನ ಅಂಗಡಿಯಲ್ಲಿ ಸ್ಟೂಲಿನಿಂದ ಎದ್ದವನು, ಪಕ್ಕದಲ್ಲೇ ಕೂತು ಆಡುತ್ತಿದ್ದ ಮೊಮ್ಮಗಳ ಕೈ ತುಳಿದುಬಿಟ್ಟ. ಮಗು ಚೀರಿತು. ಸದ್ಯ, ಬೆರಳು ಕೆಂಪಾದದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ.

ಸೊಸೆ ಕಣ್ಣಾಸ್ಪತ್ರೆಯಲ್ಲಿ ನರ್ಸ್. ಓಡಿಬಂದು ಮಗುವನ್ನು ಎತ್ತಿಕೊಂಡಳು. "ಮಾವ, ಇವಳು ನಿಮಗೆ ಕಾಣಲೇ ಇಲ್ವಾ? ಗ್ಲಾಕೋಮಾ ಇರಬಹುದು. ಅದು ಕಣ್ಣಿನ ನರವನ್ನ ಸದ್ದಿಲ್ಲದೆ ತಿನ್ನತ್ತೆ. ಮೊದಲು ಅಕ್ಕಪಕ್ಕದ ನೋಟ ಹೋಗತ್ತೆ, ಎದುರಿಗಿರೋದು ಚೆನ್ನಾಗೇ ಕಾಣ್ತಿರತ್ತೆ. ಇವತ್ತೇ ತೋರಿಸೋಣ."

"ಹೋದ ತಿಂಗಳು ಶಿಬಿರದಲ್ಲಿ ನಂಗೂ ನಿಮ್ಮಪ್ಪಂಗೂ ಕಣ್ಣಿನ ಒತ್ತಡ ನೋಡಿದ್ರಲ್ಲಮ್ಮ. ಇಬ್ಬರದೂ ಒಂದೇ. ಬೀಗರು ಆಮೇಲೆ ದೊಡ್ಡ ಡಾಕ್ಟರ ಹತ್ರ ಪೂರ್ತಿ ಪರೀಕ್ಷೆ ಮಾಡಿಸ್ಕೊಂಡ್ರು, ಏನೂ ಇಲ್ಲ ಅಂದ್ರು. ಅವರಿಗಿಲ್ಲ ಅಂದ್ಮೇಲೆ ನಂಗೂ ಇಲ್ಲ ಬಿಡು."

ಬೀಗರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. "ನನ್ನ ಕಣ್ಣಲ್ಲಿ ನೀವು ಪಾಸಾಗೋದಾದ್ರೆ, ನನ್ನ ಹಲ್ಲಲ್ಲೇ ಊಟಾನೂ ಮಾಡಿ ಬೀಗರೇ."

ಸೊಸೆ ಮೇಜಿನ ಮೇಲಿದ್ದ ಎರಡು ಗಡಿಯಾರ ತೋರಿಸಿದಳು. "ಎರಡಕ್ಕೂ ಒಂದೇ ಸಮ ಕೀಲಿ ಕೊಟ್ರಿ. ಒಂದು ಓಡ್ತಿದೆ, ಇನ್ನೊಂದು ಯಾಕೆ ನಿಂತಿದೆ?"

"ಒಳಗೆ ಎಣ್ಣೆ ಒಣಗಿದೆ. ಇದೂ ಒಂದು ಪ್ರಶ್ನೆನಾ?"

"ಹಾಗೇ ಮಾವ. ಒತ್ತಡ ಒಂದೇ ಇದ್ರೂ ಕಣ್ಣಿನ ನರಕ್ಕೆ ರಕ್ತ ಹರಿಯೋದು ಎಲ್ಲರಲ್ಲೂ ಒಂದೇ ಥರ ಇರಲ್ಲ. ನಮ್ಮಪ್ಪನ ಪೂರ್ವಜರು ಈ ಸೀಮೆಯವರೇ, ನಿಮ್ಮವರು ಸಮುದ್ರ ದಾಟಿ ಬಂದವರು. ನಿಮ್ಮವರಂಥ ಕೆಲವು ಮೂಲದ ಜನರಲ್ಲಿ ಈ ಕಾಯಿಲೆ ಜಾಸ್ತಿ, ಬೇಗಾನೂ ಬರತ್ತೆ. ರಕ್ತದ ಹರಿವೂ ಒಂದು ಕಾರಣ ಇರಬಹುದು ಅಂತ ತಜ್ಞರು ಹುಡುಕ್ತಿದಾರೆ."

"ಅಂದ್ರೆ ನಮ್ಮ ರಕ್ತ ಎರಡನೇ ದರ್ಜೆದು ಅಂತೀಯಾ?"

"ದರ್ಜೆ ಮಾತಲ್ಲ. ನಿಮ್ಮ ಪರೀಕ್ಷೆ ನಿಮಗೇ ಆಗಬೇಕು ಅಂತ. ನಿಮ್ಮಮ್ಮಂಗೆ ಕೊನೆಗೆ ಕಣ್ಣೇ ಕಾಣ್ತಿರಲಿಲ್ಲ ಅಂತಿದ್ರಲ್ಲ?"

"ಅದು ವಯಸ್ಸಿಗೆ..." ತಾತ ಮೊಮ್ಮಗಳ ಕೆಂಪು ಬೆರಳನ್ನೊಮ್ಮೆ ನೋಡಿದ. ಅಂಗಡಿಯ ಬಾಗಿಲು ಎಳೆದು ಸೊಸೆಯ ಜೊತೆ ಆಸ್ಪತ್ರೆಗೆ ಹೊರಟ.

ಗ್ಲಾಕೋಮಾನೇ ಆಗಿತ್ತು. ಹೋದ ನೋಟ ಮರಳುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಲು ದಿನವೂ ಹಾಕುವ ಹನಿ ಕೊಟ್ಟರು. ಈಗ ತಾತ ಹನಿ ಹಾಕಿಕೊಳ್ಳುವ ಹೊತ್ತಿಗೆ ಇಡೀ ಊರು ಗಡಿಯಾರ ಸರಿಮಾಡಿಕೊಳ್ಳುತ್ತದೆ. ಇದು ವಂಶದಲ್ಲಿ ಬರಬಹುದೆಂದು ಮಗನನ್ನೂ ಪರೀಕ್ಷೆಗೆ ಎಳೆದೊಯ್ದಿದ್ದಾಯಿತು. ಸ್ಟೂಲಿನಿಂದ ಏಳುವ ಮುಂಚೆ ತಾತ ಎರಡೂ ಕಡೆ ತಲೆ ತಿರುಗಿಸಿ, "ಎಲ್ಲಿದೀಯೇ ಪುಟ್ಟಿ?" ಎನ್ನುತ್ತಾನೆ.

"ಇಲ್ಲೇ," ಎನ್ನುತ್ತದೆ ಮಗು.

ಓದುಗರೇ, ಚಂದ್ರನ ಮೇಲಿನ ಇರುವೆಯನ್ನು ಯಾರಾದರೂ ನೋಡಿಕೊಳ್ಳಲಿ. ನಿಮಗೆ ನಲವತ್ತು ದಾಟಿದೆಯೇ? ಇಲ್ಲವೇ ಮನೆಯ ಹಿರಿಯರಲ್ಲಿ ಯಾರಿಗಾದರೂ ನೋಟ ಹೋಗಿತ್ತೇ? ಹಾಗಾದರೆ ಎಲ್ಲವೂ ಚೆನ್ನಾಗಿ ಕಾಣುತ್ತಿದ್ದರೂ ಕಣ್ಣಿನ ಪೂರ್ತಿ ಪರೀಕ್ಷೆ ಮಾಡಿಸಿ. ಒತ್ತಡವೊಂದೇ ಸಾಲದು, ನರವನ್ನೂ ನೋಡಿ ಎಂದು ಕೇಳಿ. ನಿಮ್ಮ ಪೂರ್ವಜರು ಯಾವ ಮೂಲದವರು ಎಂಬುದನ್ನು ಡಾಕ್ಟರಿಗೆ ಹೇಳಿ. ಬೀಗರ ಕಣ್ಣು ಬೀಗರಿಗಾಯಿತು. ನಿಮ್ಮ ಪಕ್ಕದಲ್ಲಿ ಕೂತ ಮಗುವನ್ನು ಕಾಣಬೇಕಾದದ್ದು ನಿಮ್ಮ ಕಣ್ಣು.