ಟ್ಯಾಂಕ್ ತೊಳೆದ ನೀರು

ಥಳಥಳಣ್ಣ ಎಂಬುದು ಊರವರು ಒಬ್ಬ ರೈತನಿಗೆ ಇಟ್ಟ ಹೆಸರು. ಗುದ್ದಲಿಯನ್ನೂ ಊಟದ ತಟ್ಟೆಯಂತೆ ತೊಳೆದಿಡುವ ಮನುಷ್ಯ. ಕಳೆನಾಶಕ ಹೊಡೆದ ದಿನವಂತೂ ಕೇಳುವುದೇ ಬೇಡ. ವಿಷದ ಹನಿ ಮನೆಯ ಅಂಗಳಕ್ಕೆ ಬೀಳಬಾರದೆಂದು ಹೊಳೆಗೇ ಇಳಿದು, ಸ್ಪ್ರೇಯರ್ ಟ್ಯಾಂಕನ್ನು ಅಲ್ಲೇ ತಿಕ್ಕಿ ತೊಳೆದು ಬರುತ್ತಿದ್ದ.

ಅವನು ಟ್ಯಾಂಕ್ ತೊಳೆಯುವ ಜಾಗದಿಂದ ಕೆಳಗೆ, ಹೊಳೆಯ ದಂಡೆಯಲ್ಲೇ ಆತನ ಹೆಂಡತಿಯ ಸಸಿಮಡಿಗಳು. ಟೊಮೆಟೊ, ಮೆಣಸಿನ ಸಸಿ ಬೆಳೆಸಿ ಮಾರುವುದು ಆಕೆಯ ಕಸುಬು. ಈ ಸಲ ಸಸಿಗಳ ಎಲೆ ಮುರುಟಿ, ತುದಿ ಸೊಟ್ಟಗಾಯಿತು. ರೋಗವೆಂದುಕೊಂಡಳು, ಬೀಜದ ಅಂಗಡಿಯವನನ್ನೂ ಬೈದಳು. ಉಳಿದ ಮಡಿಗಳೂ ಹೋದರೆ ಅನ್ನಕ್ಕೇ ಕಲ್ಲು ಬಿದ್ದಂತೆ.

ಅಷ್ಟರಲ್ಲಿ ಥಳಥಳಣ್ಣನ ಅಕ್ಕ ಬಂದಳು. ಆಕೆಗೆ ಕೆಳಗಿನ ಪಟ್ಟಣದ ಕುಡಿಯುವ ನೀರಿನ ಘಟಕದಲ್ಲಿ ಕೆಲಸ. ಯಾವ ಮಡಿಗೆ ಯಾವ ನೀರು ಎಂದು ಕೇಳಿದಳು. ಬಾವಿ ನೀರು ಕುಡಿದ ಸಸಿಗಳು ನೆಟ್ಟಗಿದ್ದವು. ಹೊಳೆಯಿಂದ ಮೋಟರ್ ಎತ್ತಿದ ನೀರು ಕುಡಿದವು ಮಾತ್ರ ಮುರುಟಿದ್ದವು. ಟ್ಯಾಂಕ್ ಎಲ್ಲಿ ತೊಳೀತೀಯ ಎಂದಾಗ, ಹೊಳೆಯಲ್ಲೇ ಎಂದು ಥಳಥಳಣ್ಣ ಹೆಮ್ಮೆಯಿಂದಲೇ ಹೇಳಿದ.

“ಹರಿಯೋ ನೀರಲ್ವಾ ಅಕ್ಕ, ಕೊಚ್ಕೊಂಡು ಹೋಗಿರುತ್ತೆ.”

“ಹೋಗಿದೆ ಕಣೋ, ನಿನ್ನ ಹೆಂಡ್ತಿ ಮೋಟರ್‌ವರೆಗೆ. ಅಲ್ಲಿಂದ ಮುಂದೆ ನಮ್ಮೂರಿಗೆ. ಮನೇಲಿ ಕುದಿಸಿದ್ರೂ ಬಟ್ಟೇಲಿ ಸೋಸಿದ್ರೂ ಆ ವಿಷ ಹೋಗೋದಿಲ್ಲ.”

ಥಳಥಳಣ್ಣನ ಮುಖ ಸಣ್ಣದಾಯಿತು. ಹೆಂಡತಿಯ ಕಡೆ ನೋಡಲು ನಾಚಿಕೆ. “ಹಾಗಾದ್ರೆ ಟ್ಯಾಂಕ್ ತೊಳೀದೇ ಇಡ್ಲಾ?” ಎಂದ. ಉಪವಾಸ ಇರು ಎಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಅಕ್ಕ ನಕ್ಕು ದಾರಿ ಹೇಳಿದಳು. ತೊಳೆಯಬೇಕು, ಆದರೆ ಹೊಲದಲ್ಲೇ. ಸ್ವಲ್ಪ ಸ್ವಲ್ಪ ನೀರಿನಲ್ಲಿ ಮೂರು ಸಲ ಕುಲುಕಿ, ಆ ನೀರನ್ನು ಅದೇ ಹೊಲಕ್ಕೆ ಸಿಂಪಡಿಸಬೇಕು. ಟ್ಯಾಂಕನ್ನು ಹೊಳೆಯಲ್ಲಿ ಮುಳುಗಿಸಿ ತುಂಬಬಾರದು, ಬಕೆಟ್‌ನಲ್ಲಿ ನೀರು ತರಬೇಕು. ದಡದ ಹುಲ್ಲಿನ ಪಟ್ಟಿಗೆ ಔಷಧಿ ತಾಗಿಸಬಾರದು. ಗಾಳಿ ಬೀಸುವಾಗ, ಮಳೆ ಬರುವಂತಿದ್ದಾಗ ಹೊಡೆಯಲೇಬಾರದು.

ಉಳಿದ ಮಡಿಗಳಿಗೆ ಬಾವಿ ನೀರೇ ಹೋಯಿತು. ಕೆಲವು ವಾರಗಳಲ್ಲಿ ಹೊಸ ಎಲೆಗಳು ಅಂಗೈಯಂತೆ ಬಿಚ್ಚಿಕೊಂಡವು. ಹೆಂಡತಿ ಖುಷಿಯಿಂದ ಸಸಿಗಳ ಪಕ್ಕದಲ್ಲೇ ಕುಳಿತುಬಿಟ್ಟಳು. ಈಗ ಅಕ್ಕಪಕ್ಕದ ಹೊಲದವರಿಗೆಲ್ಲ ಥಳಥಳಣ್ಣನದೇ ಕಾಟ. ಯಾರಾದರೂ ಟ್ಯಾಂಕ್ ಹೊತ್ತು ಹೊಳೆಯ ಕಡೆ ತಿರುಗಿದರೆ ಸಾಕು, ಕೈ ಹಿಡಿದು ವಾಪಸ್ ಕರೆತರುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹೊಲದ ಔಷಧಿ ಹೊಲದಲ್ಲೇ ಮುಗಿಯಲಿ. ಖಾಲಿ ಬಾಟಲಿಯನ್ನೂ ಹೊಳೆಗೆ ಎಸೆಯಬೇಡಿ. ನೀವು ಬಿಟ್ಟ ನೀರನ್ನು ಕೆಳಗಿನ ಊರಿನ ಮಗುವೊಂದು ಕುಡಿಯುತ್ತದೆ. ನಿಮ್ಮ ಮಗು ಕುಡಿಯುವುದೂ ಮೇಲಿನ ಊರಿನವರು ಬಿಟ್ಟ ನೀರನ್ನೇ.