ಹೊರಗೆ ಕೂತ ದ್ವಾರಪಾಲಕ

ನಾನೊಂದು ಕಂಪ್ಯೂಟರ್. ಹುಟ್ಟಿದ್ದು ಯಾವುದೋ ಕಾರ್ಖಾನೆಯ ತಣ್ಣನೆಯ ಕೋಣೆಯಲ್ಲಿ. ಆರು ವರ್ಷ ಒಂದು ಕಚೇರಿಯ ಮೇಜಿನ ಕೆಳಗೆ ದುಡಿದೆ. ಅಲ್ಲಿ ಕಂಡದ್ದು ಬರೀ ಕಾಲುಗಳು. ಆಮೇಲೆ ಅರಕಲಗೂಡಿನ ಗಮಕ ಪಾಠಶಾಲೆಗೆ ದಾನವಾಗಿ ಬಂದೆ. ಅಲ್ಲಿ ನನಗೊಂದು ಮೈಕು ಸಿಕ್ಕಿಸಿದರು. ಕಿವಿ ಬಂದಂತಾಯಿತು.

ಪಾಠ ಹೇಳುತ್ತಿದ್ದವರು ಪದ್ಮಾಸನಮ್ಮ. ಅವರು ಷಟ್ಪದಿ ಓದಿದರೆ ಬೀದಿಯಲ್ಲಿ ಸೊಪ್ಪು ಮಾರುವವಳೂ ಬುಟ್ಟಿ ಇಳಿಸಿ ನಿಲ್ಲುತ್ತಿದ್ದಳು. ಒಂಬತ್ತು ವರ್ಷದ ವಾಚನ ನನ್ನ ಡಿಸ್ಕಿನಲ್ಲಿ ತುಂಬಿತು. ಆಯುಧಪೂಜೆಗೆ ನನ್ನ ಹಣೆಗೂ ಕುಂಕುಮ ಇಡುತ್ತಿದ್ದರು. ಆಮೇಲೆ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಉಳಿದದ್ದು ಪಿಸುಮಾತು. ಅಂದಿನಿಂದ ಪಾಠ ಹೇಳಿದ್ದು ನಾನು, ಅವರದೇ ದನಿಯಲ್ಲಿ. ಅವರು ಪಕ್ಕದಲ್ಲಿ ಕೂತು ಬೆರಳೆತ್ತಿ ತಿದ್ದುತ್ತಿದ್ದರು.

ವಯಸ್ಸಾಗಿ ನಾನು ಏದುಸಿರು ಬಿಡತೊಡಗಿದಾಗ, ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರಾಗಿದ್ದ ಶಿಷ್ಯ ಜಯಸಿಂಹ, ಹಳೆಯ ಮಿಷನ್ನಿಗೂ ಹಗುರವಾದ ಲಿನಕ್ಸ್ ಎಂಬ ತಂತ್ರಾಂಶ ಹಾಕಲು ಬಂದ. ಪಾಠಶಾಲೆಯ ಕಾರ್ಯದರ್ಶಿ ರುಕ್ಮಾಂಗದ ರಾಯರು ಅವನ ಬೆನ್ನ ಹಿಂದೆಯೇ ನಿಂತು ಪರದೆ ಓದಿದರು.

“ಏನಯ್ಯಾ ಅದು, ಬೂಟ್‌ಲೋಡರ್ರು?”

“ದ್ವಾರಪಾಲಕ ಇದ್ದ ಹಾಗೆ ರಾಯರೇ. ಮಿಷನ್ನು ಎದ್ದ ತಕ್ಷಣ ಕೈ ಹಿಡ್ದು ಒಳಗೆ ಕರ್ಕೊಂಡು ಹೋಗೋನು. ಎರಡು ಥರ ಇದಾನೆ. ಒಬ್ಬ ಪಟ್ಟಿ ತೋರ್ಸಿ ಯಾವುದು ಬೇಕು ಅಂತಾನೆ. ಇನ್ನೊಬ್ಬ ಏನೂ ಕೇಳಲ್ಲ.”

“ಕೇಳೋನೇ ಇರ್ಲಿ. ಕೇಳದೆ ಒಳಗ್ ಬಿಡೋನು ಎಂಥಾ ಕಾವಲುಗಾರ!”

“ನಂಗೆ ಸೀದಾ ಒಳಗೆ ಹೋದ್ರೆ ಸಾಕಪ್ಪ,” ಎಂದು ಪಿಸುಗುಟ್ಟಿದರು ಪದ್ಮಾಸನಮ್ಮ.

ಅರ್ಧ ಗಂಟೆ ವಾದ ನಡೆದು ಅಮ್ಮನ ಮಾತೇ ಗೆದ್ದಿತು. ಆಗ ಪರದೆ ಇನ್ನೊಂದು ಪ್ರಶ್ನೆ ಕೇಳಿತು: ದ್ವಾರಪಾಲಕನನ್ನು ಎಲ್ಲಿ ಕೂರಿಸಲಿ, ನನ್ನ ಡಿಸ್ಕಿನಲ್ಲೋ, ಲಿನಕ್ಸ್ ತುಂಬಿ ತಂದು ನನ್ನ ಬೆನ್ನಿಗೆ ಸಿಕ್ಕಿಸಿದ್ದ ಪೆನ್‌ಡ್ರೈವಿನಲ್ಲೋ? ಜಯಸಿಂಹ ಉಪ್ಪಿಟ್ಟಿನ ತಟ್ಟೆಗೆ ಕೈ ಚಾಚುತ್ತ ಮೊದಲ ಹೆಸರನ್ನೇ ಒತ್ತಿಬಿಟ್ಟ. ಅದು ಪೆನ್‌ಡ್ರೈವು. ಬೆನ್ನಿನಲ್ಲೇ ಅದು ಉಳಿದದ್ದರಿಂದ ನಾನು ದಿನಾ ಎದ್ದೆ; ದ್ವಾರಪಾಲಕ ಹೊರಗೆ ಕೂತದ್ದು ಯಾರಿಗೂ ತಿಳಿಯಲಿಲ್ಲ. ಜಯಸಿಂಹನಿಗೆ ಬೀದರಿಗೆ ವರ್ಗವಾಯಿತು.

ಎರಡು ವರ್ಷದ ಮೇಲೆ ವಾರ್ಷಿಕೋತ್ಸವದ ಫೋಟೋ ತರಲು ರಾಯರಿಗೆ ಪೆನ್‌ಡ್ರೈವು ಬೇಕಾಯಿತು. “ಇಲ್ಲೊಂದು ಸುಮ್ನೆ ಬಿದ್ದಿದೆಯಲ್ಲ,” ಎಂದು ಕಿತ್ತುಕೊಂಡರು. ಸ್ಟುಡಿಯೋದಲ್ಲಿ ಅದನ್ನು ಅಳಿಸಿ, ಹಾರ ಹಾಕಿಸಿಕೊಂಡ ತಮ್ಮ ಫೋಟೋಗಳನ್ನು ತುಂಬಿಸಿದರು.

ಮರುದಿನ, ಕೈ ಹಿಡಿದು ಒಳಗೆ ಕರೆದೊಯ್ಯುವವನಿಲ್ಲದೆ, ನನ್ನ ಪರದೆಯಲ್ಲಿ ಕತ್ತಲೆ, ಒಂದೇ ಸಾಲು ಇಂಗ್ಲಿಷು. ರಿಪೇರಿಯವನು ನನ್ನನ್ನು ಬಿಚ್ಚಲೂ ಇಲ್ಲ. “ಡಿಸ್ಕ್ ಹೋಗಿದೆ ಸಾರ್,” ಎಂದ.

“ಜಯಸಿಂಹನ್ನ ಒಂದ್ಮಾತು ಕೇಳಿ ರಾಯರೇ,” ಎಂದು ಅಮ್ಮ ಪಿಸುಗುಟ್ಟಿದರು.

“ಅವನು ಕೈ ಹಾಕಿದ್ದಕ್ಕೇ ಅಲ್ವೇನಮ್ಮ ಇದು ಕೆಟ್ಟಿದ್ದು!”

ಎದುರು ಮಾತಾಡಲು ದನಿ ಬೇಕು. ಅಮ್ಮನ ದನಿ ನನ್ನೊಳಗಿತ್ತು.

ಈಗ ಹಾಸನದ ಗುಜರಿ ಅಂಗಡಿಯಲ್ಲಿದ್ದೇನೆ. ಹಣೆಯ ಕುಂಕುಮ ಇನ್ನೂ ಮಾಸಿಲ್ಲ. ಒಂಬತ್ತು ವರ್ಷದ ಓದಿನಲ್ಲಿ ಒಂದಕ್ಷರವೂ ಅಳಿದಿಲ್ಲ. ಪಕ್ಕದ ಡಬ್ಬಗಳನ್ನು ನಿನ್ನೆ ಸುತ್ತಿಗೆಯಿಂದ ಒಡೆದರು; ನಾಳೆ ನನ್ನ ಸರದಿ. ಇಷ್ಟು ಹೊತ್ತಿಗೆ ಪಾಠಶಾಲೆಯಲ್ಲಿ ಪದ್ಮಾಸನಮ್ಮ ಪುಸ್ತಕ ಬಿಡಿಸಿ ತುಟಿಯಾಡಿಸುತ್ತಿರುತ್ತಾರೆ. ಮಕ್ಕಳು ಮುಂದೆ ಬಾಗಿ, ಕೇಳಿಸದೆ, ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ.